ಋಣ ತೂಕದ ಭತ್ತ: ತಪ್ಪು ಗುಮಾಸ್ತನದೋ, ಪ್ರೋಗ್ರಾಮಿನದೋ?

ಗಂಗಾವತಿಯ ಅಕ್ಕಿ ಗಿರಣಿಗಳಿಗೆ ತೂಕ ಮತ್ತು ಬಿಲ್ಲಿನ ತಂತ್ರಾಂಶ ಬರೆದುಕೊಡುವುದು ನನ್ನ ಕಸುಬು. ಕೆಲಸ ಕೇಳಿಕೊಂಡು ಬರುವ ಹುಡುಗರಿಗೆ ಒಂದು ಪ್ರಶ್ನೆ ಹಾಕುತ್ತೇನೆ: ಭತ್ತದ ನಿವ್ವಳ ತೂಕ, ಅಂದರೆ ತುಂಬಿದ ಲಾರಿಯ ತೂಕದಲ್ಲಿ ಖಾಲಿ ಲಾರಿಯದನ್ನು ಕಳೆದದ್ದು, ಸೊನ್ನೆಗಿಂತ ಕಡಿಮೆ ಬಂದರೆ ಏನು ಮಾಡುತ್ತೀರಿ? ‘ಎರರ್ ತೋರಿಸುತ್ತೇವೆ’ ಎನ್ನುತ್ತಾರೆ. ಯಾರಿಗೆ ಎಂದರೆ ಸುಮ್ಮನಾಗುತ್ತಾರೆ.

ತುಂಬಿದ ಲಾರಿಯ ತೂಕವನ್ನೂ ಖಾಲಿ ಲಾರಿಯ ತೂಕವನ್ನೂ ಗುಮಾಸ್ತ ಅದಲುಬದಲು ಮಾಡಿದ್ದರೆ ಅದು ಬಳಕೆದಾರನ ತಪ್ಪು. ಅಂಕಿಗಳು ಲೆಕ್ಕಕ್ಕೆ ಹೋಗುವ ಮೊದಲೇ ಹಿಡಿಯಿರಿ. ‘ಖಾಲಿ ಲಾರಿಯ ತೂಕವೇ ಹೆಚ್ಚಾಗಿದೆ, ಎರಡೂ ಅದಲುಬದಲಾಗಿವೆಯೇ ನೋಡಿ’ ಎಂದು ಆ ಖಾನೆಯ ಪಕ್ಕದಲ್ಲೇ ಬರೆಯಿರಿ. ಉಳಿದ ಖಾನೆಗಳಲ್ಲಿ ಅವನು ತುಂಬಿದ್ದನ್ನು ಅಳಿಸಬೇಡಿ. ಹೊರಗೆ ಲಾರಿಗಳ ಸಾಲು ನಿಂತಿರುತ್ತದೆ.

ಆ ಪರೀಕ್ಷೆ ದಾಟಿದ ಮೇಲೂ ನಿವ್ವಳ ತೂಕ ಋಣ ಸಂಖ್ಯೆಯಾದರೆ ಕೆಟ್ಟಿರುವುದು ನಮ್ಮ ಲೆಕ್ಕ. ಗುಮಾಸ್ತ ಏನನ್ನು ತಿದ್ದಿದರೂ ಅದು ಸರಿಹೋಗದು. ಅಲ್ಲೇ ನಿಲ್ಲಿಸಿ. ಅರ್ಧ ಬಿಲ್ಲು ಡೇಟಾಬೇಸಿನಲ್ಲಿ ಉಳಿಯದಂತೆ ಇಡೀ ವಹಿವಾಟನ್ನು ರದ್ದು ಮಾಡಿ, ಕೋಡಿನ ಯಾವ ಸಾಲಿನಲ್ಲಿ ಯಾವ ಅಂಕಿಯಿಂದ ನಿಂತಿತು ಎಂಬುದನ್ನು, ಒಂದು ದೋಷ ಸಂಖ್ಯೆಯೊಂದಿಗೆ, ಲಾಗ್ ಕಡತಕ್ಕೆ (ತಂತ್ರಾಂಶದ ದಿನಚರಿಗೆ) ಬರೆಯಿರಿ. ಪರದೆಗೆ ಇಷ್ಟು ಸಾಕು: ‘ತೊಂದರೆ ತಂತ್ರಾಂಶದ್ದು, ನಿಮ್ಮದಲ್ಲ. ಈ ಬಿಲ್ಲು ಸೇವ್ ಆಗಿಲ್ಲ. ಫೋನ್ ಮಾಡಿ ಈ ದೋಷ ಸಂಖ್ಯೆ ಹೇಳಿ.’ ವೆಬ್‌ನಲ್ಲಿ ಈ ಭೇದಕ್ಕೆ ಸಂಕೇತಗಳೇ ಇವೆ: ಕೋರಿಕೆಯಲ್ಲಿ ದೋಷವಿದ್ದರೆ 400ರ ಸರಣಿ, ಸರ್ವರಿನಲ್ಲಿದ್ದರೆ 500ರ ಸರಣಿ. ಎಲ್ಲಕ್ಕೂ ‘ಸರಿಯಾಗಿದೆ’ ಎನ್ನುವ 200 ಕಳಿಸಿ ಒಳಗೆ ‘ವಿಫಲ’ ಎಂದು ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಯಾವ ದೋಷ ಬಂದರೂ ಹಿಡಿದು ನುಂಗಿ ಮುಂದೆ ಹೋಗುವ ಕೋಡ್ ಕಂಡರೆ ಅದಕ್ಕಿಂತ ಹೆಚ್ಚು.

ಕೆಲವು ತಪ್ಪುಗಳನ್ನು ಬಾಯಿಬಿಡದೆ ತಿದ್ದಬಹುದು. ಬ್ಯಾಂಕ್ ಶಾಖೆಯ ಸಂಕೇತವಾದ ಐಎಫ್‌ಎಸ್‌ಸಿಯ 11 ಅಕ್ಷರಗಳಲ್ಲಿ ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷಿನ ‘ಓ’ ಒತ್ತಿದ್ದರೆ ನೀವೇ ಸೊನ್ನೆ ಮಾಡಿಕೊಳ್ಳಿ. ಮೊಬೈಲ್ ಸಂಖ್ಯೆಯ ನಡುವಿನ ಖಾಲಿ ಜಾಗವನ್ನೂ ಹಾಗೆಯೇ ತೆಗೆಯಿರಿ. ಗುಮಾಸ್ತ ಕನ್ನಡ ಅಂಕಿಯಲ್ಲಿ ೭೫ ಎಂದು ಬರೆದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಅದನ್ನು 75 ಎಂದೇ ಓದುತ್ತದೆ, ಜಾವಾಸ್ಕ್ರಿಪ್ಟ್ ಎಂಬ ಇನ್ನೊಂದು ಸಂಖ್ಯೆಯೇ ಅಲ್ಲ ಎನ್ನುತ್ತದೆ. ಕನ್ನಡದಲ್ಲಿ ಬರೆದದ್ದು ಅವನ ತಪ್ಪಲ್ಲ.

ಅನುಮಾನ ಬೇರೆ, ತಪ್ಪು ಬೇರೆ. ತೇವಾಂಶ ಶೇ. 170 ಎಂದರೆ ತಿರಸ್ಕರಿಸಿ. ಶೇ. 23 ಎಂದರೆ ಸ್ವೀಕರಿಸಿ. ಸರ್ಕಾರಿ ಖರೀದಿಯ ಮಿತಿ ಶೇ. 17 ಇರಬಹುದು, ಮಳೆಯಲ್ಲಿ ಕೊಯ್ದ ಭತ್ತಕ್ಕೆ ಅದು ಗೊತ್ತಿಲ್ಲ. ಸಾಮಾನ್ಯ ಭತ್ತಕ್ಕೆ 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ. ದರದ ಖಾನೆಯಲ್ಲಿ 23,690 ಕಂಡರೆ ‘ಒಂದು ಸೊನ್ನೆ ಹೆಚ್ಚಾಯಿತೇ?’ ಎಂದು ಕೇಳಿ, ಹೌದು ಅಥವಾ ಇಲ್ಲ ಎನ್ನುವುದನ್ನು ಗುಮಾಸ್ತನಿಗೇ ಬಿಡಿ.

ಪ್ರಿಂಟರಿನಲ್ಲಿ ಕಾಗದ ಮುಗಿಯುವುದು, ನೆಟ್‌ವರ್ಕ್ ಹೋಗುವುದು ಯಾರ ತಪ್ಪೂ ಅಲ್ಲ. ಬಿಲ್ಲನ್ನು ಉಳಿಸಿಕೊಂಡು ಮತ್ತೆ ಪ್ರಯತ್ನಿಸಲು ಬಿಡಿ. ಆಗ ಗುಮಾಸ್ತ ಸೇವ್ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಾನೆ. ಪ್ರತಿ ಬಿಲ್ಲಿಗೂ ಮೊದಲೇ ಒಂದು ಗುರುತು ಸಂಖ್ಯೆ ಕೊಟ್ಟಿದ್ದರೆ ಎರಡನೆಯ ಬಿಲ್ಲು ಹುಟ್ಟುವುದಿಲ್ಲ.

ಬಳಕೆದಾರರ ತಪ್ಪುಗಳನ್ನೂ ಲಾಗಿನಲ್ಲಿ ಎಣಿಸುತ್ತಿರಿ. ಎಲ್ಲ ಗಿರಣಿಗಳ ಗುಮಾಸ್ತರೂ ದಿನಾಂಕದ ಖಾನೆಯಲ್ಲೇ ಎಡವುತ್ತಿದ್ದರೆ, ನೀವು ಅಲ್ಲಿ ತಿಂಗಳನ್ನು ಮೊದಲು ಕೇಳುತ್ತಿರಬಹುದು. ಅವರಿಗೆ ತರಬೇತಿ ಕೊಡಲು ಹೋಗದೆ ಖಾನೆಯನ್ನು ಬದಲಿಸಿ.