ಕ್ಯಾಪ್ಸೂಲ್, ಕಡ್ಡಿ ಮತ್ತು ಅಡಿಕೆ

ಹುಬ್ಬಳ್ಳಿಯಲ್ಲಿ ಹಲ್ಲಿನ ಡಾಕ್ಟರ್ ಆಗಿ ಕೂತವರಿಗೆ ಬಾಯಿಗಿಂತ ಮೊದಲು ಜೇಬಿನಲ್ಲಿರುವ ಅಡಿಕೆ, ತಂಬಾಕಿನ ಚೀಟಿ ಕಾಣುತ್ತದೆ. 2013ರಲ್ಲೇ ರಾಜ್ಯದಲ್ಲಿ ಗುಟ್ಕಾ ನಿಷೇಧ ಆಯಿತು. ಈಗ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಅಂಗೈಯಲ್ಲಿ ಎರಡೂ ಕೂಡಿಸಿದರೆ ಮುಗೀತು.

ಗದಗ ಕಡೆಯ ಲಾರಿ ಡ್ರೈವರ್ ಒಬ್ಬರು ಬಂದಿದ್ದರು. "ಹಲ್ಲುನೋವು ಅಲ್ರೀ ಸರ್. ಚಟ್ನಿ ಹತ್ತಿದ್ರ ಬಾಯಾಗ ಬೆಂಕಿ ಬಿದ್ದಂಗ ಆಗ್ತೈತಿ." ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೇ ಹೆಸರುವಾಸಿ, ಅಲ್ವಾ? ಇವರಿಗೆ ಅದೂ ತಡೆಯುತ್ತಿರಲಿಲ್ಲ. ಜೋಳದ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ತಿನ್ನುತ್ತಿದ್ದರು.

ಸ್ಕೇಲ್ ಇಟ್ಟೆ. ಮೇಲಿನ ಹಲ್ಲಿನ ಅಂಚಿನಿಂದ ಕೆಳಗಿನ ಅಂಚಿಗೆ 22 ಮಿಲಿಮೀಟರ್. ನಮ್ಮ ಮೂರು ಬೆರಳು ಒಂದರ ಮೇಲೊಂದು ನಿಲ್ಲಬೇಕಾದ ಜಾಗ ಅದು. ಕೆನ್ನೆಯ ಒಳಗೆ ಬೆರಳಾಡಿಸಿದರೆ ಚರ್ಮ ಬೆಳ್ಳಗೆ, ಅದರಡಿ ಮೇಲಿಂದ ಕೆಳಗೆ ಬಿಗಿದ ಸೆಣಬಿನ ಹುರಿಯಂಥ ಎಳೆಗಳು. ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್, ಅಂದರೆ ಅಡಿಕೆ ಅಗಿದು ಬಾಯಿ ಬಿಗಿದುಕೊಳ್ಳುವ ರೋಗ.

ಮುಂಚೆ ನಾನು ಲೈಕೋಪೀನ್ (ಟೊಮೆಟೊದ ಕೆಂಪು ಬಣ್ಣದ ಅಂಶ) ಕ್ಯಾಪ್ಸೂಲ್ ಬರೆದು, "ಅಡಿಕೆ ಬಿಡಿ" ಅಂತ ಸುಮ್ನೆ ಒಂದು ಮಾತು ಹೇಳಿ ಕಳಿಸುತ್ತಿದ್ದೆ. ಉರಿ ಇಳಿಯುತ್ತಿತ್ತು. ಉರಿ ಇಳಿದ ಖುಷಿಗೆ ಜನ ಅಡಿಕೆ ಜಾಸ್ತಿ ಮಾಡುತ್ತಿದ್ದರು. ತಪ್ಪು ನನ್ನದೇ.

ಈ ಸಲ ಕೂರಿಸಿ ಹೇಳಿದೆ. ಅಡಿಕೆ ಸುಣ್ಣದ ಜೊತೆ ಎಂಜಲಲ್ಲಿ ನೆನೆದಾಗ ಆಕ್ಸಿಜನ್‌ನ ಪುಂಡ ಕಣಗಳು ಹುಟ್ಟುತ್ತವೆ. ಜೀವಕೋಶದ ಪೊರೆ, ಡಿಎನ್‌ಎ, ಸಿಕ್ಕಿದ್ದನ್ನೆಲ್ಲ ಕೆಡಿಸುತ್ತವೆ. ಉರಿಯೂತ ಶುರುವಾದರೆ ನಮ್ಮ ಬಿಳಿ ರಕ್ತಕಣಗಳೂ ಅಂಥವನ್ನೇ ಉಗುಳುತ್ತವೆ. ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುವುದು ಇದಕ್ಕೇ. ಸಾಲದ್ದಕ್ಕೆ ಅಡಿಕೆಯಲ್ಲಿರುವ ತಾಮ್ರ, ಕೊಲಾಜೆನ್ ಅನ್ನುವ ನಾರಿನ ಎಳೆಗಳನ್ನು ಹೆಣೆದು ಬಿಗಿಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಲೈಕೋಪೀನ್‌ನಂಥ ಆಂಟಿಆಕ್ಸಿಡೆಂಟ್ ಈ ಪುಂಡರನ್ನು ಅಡಗಿಸಬಹುದು. ಹೊಸೆದಾದ ಹುರಿಯನ್ನು ಬಿಚ್ಚುವುದಿಲ್ಲ.

"ಹಂಗಾರ ಗುಳಿಗಿ ಯಾಕ್ರೀ?"

ಒಳ್ಳೆ ಪ್ರಶ್ನೆ. ಉರಿ ಕಮ್ಮಿಯಾದರೆ ಊಟ ಸೇರುತ್ತದೆ, ವ್ಯಾಯಾಮ ಮಾಡಲು ಆಗುತ್ತದೆ, ಅದಕ್ಕೆ. ದಿನಕ್ಕೆರಡು ಸಲ 8 ಮಿಲಿಗ್ರಾಂ ಲೈಕೋಪೀನ್ ಬರೆದೆ. ಬೀಡಿಯೂ ಇತ್ತು, ಹಾಗಾಗಿ ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರ ಓದಿ ಬೀಟಾ ಕ್ಯಾರೊಟಿನ್ (ಗಜ್ಜರಿಯ ಬಣ್ಣದ ಅಂಶ, ಅದೂ ಆಂಟಿಆಕ್ಸಿಡೆಂಟೇ) ಇಲ್ಲದ್ದನ್ನೇ ಆರಿಸಿದೆ. ಫಿನ್ಲೆಂಡಿನಲ್ಲಿ 29,133 ಸಿಗರೇಟ್ ಸೇದುವ ಗಂಡಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚೇ ಕಂಡಿತು. ಮನೆಯಲ್ಲಿ ಟೊಮೆಟೊವನ್ನು ಎಣ್ಣೆಯಲ್ಲಿ ಬಾಡಿಸಿ ಗೊಜ್ಜು ಮಾಡಿಸಿಕೊಳ್ಳಿ ಅಂದೆ, ಖಾರ ಹಾಕದೆ. ಎಣ್ಣೆ ಇದ್ದರೆ ಲೈಕೋಪೀನ್ ಚೆನ್ನಾಗಿ ಒಳಗೆ ಸೇರುತ್ತದೆ.

ಉಳಿದದ್ದು ಐಸ್‌ಕ್ರೀಂ ಕಡ್ಡಿ. ದವಡೆ ಹಲ್ಲಿನ ನಡುವೆ ಹಿಡಿಸುವಷ್ಟು ಕಡ್ಡಿ ಜೋಡಿಸಿ ಐದು ನಿಮಿಷ ಹಿಡಿಯಬೇಕು, ದಿನಕ್ಕೆ ನಾಲ್ಕು ಸಲ. ಸಡಿಲ ಅನ್ನಿಸಿದಾಗ ಇನ್ನೊಂದು ಕಡ್ಡಿ. ಲೋಡ್ ಇಳಿಸುವವರೆಗೂ ಕ್ಯಾಬಿನ್ನಿನಲ್ಲಿ ಕೂತು ಹಿಡಿಯುತ್ತಿದ್ದರಂತೆ.

ಆರು ತಿಂಗಳಿಗೆ 29 ಮಿಲಿಮೀಟರ್. ಕೆನ್ನೆಗೆ ಇಂಜೆಕ್ಷನ್ನೂ ಕೊಟ್ಟಿದ್ದೆ, ಹಾಗಾಗಿ ಹೆಸರೆಲ್ಲ ಕ್ಯಾಪ್ಸೂಲಿಗೆ ಹೋಗಬಾರದು. ಅಳತೆ ಹೆಚ್ಚಿತು ಅಂತ ನೋಡುವುದು ನಿಲ್ಲಿಸಲಿಲ್ಲ. ಎರ್ನಾಕುಲಂನಲ್ಲಿ ಇದೇ ರೋಗದ 66 ಜನರನ್ನು 17 ವರ್ಷ ಗಮನಿಸಿದ್ದರು, ಅವರಲ್ಲಿ 5 ಜನಕ್ಕೆ ಬಾಯಿ ಕ್ಯಾನ್ಸರ್ ಆಯಿತು.

ತಂಗಿಯ ಮದುವೆ ಮುಗಿಸಿ ಬಂದಾಗ ಅಳತೆ 27 ಮಿಲಿಮೀಟರ್‌ಗೆ ಇಳಿದಿತ್ತು. ನಾನು ಏನೂ ಕೇಳಲಿಲ್ಲ. ಅವರೇ ಜೇಬಿನಿಂದ ಚೀಟಿ ತೆಗೆದು ನನ್ನ ಟೇಬಲ್ ಮೇಲಿಟ್ಟು, "ಬೀಗರು ಕೊಟ್ರು, ಇಸ್ಕೊಂಡ್ನಿರಿ" ಅಂದರು.