ಬೆಳಗಿನವರೆಗೆ ಆಟ ನೋಡುವ ಬಗೆ

ನನ್ನ ಸೊಸೆ ತುಮಕೂರಿನ ಕಡೆಯವಳು. ಮದುವೆಯಾಗಿ ಬಂದ ವರ್ಷವೇ ಅವಳನ್ನು ಸಿದ್ದಾಪುರದ ಹತ್ತಿರದ ಒಂದು ಬಯಲಾಟಕ್ಕೆ, ಅಂದರೆ ರಾತ್ರಿಯಿಡೀ ಬಯಲಿನಲ್ಲಿ ನಡೆಯುವ ಯಕ್ಷಗಾನಕ್ಕೆ, ಕರೆದುಕೊಂಡು ಹೋದೆ. ಹನ್ನೊಂದೂವರೆಗೆ ಅವಳಿಗೆ ತಲೆನೋವು ಶುರುವಾಯಿತು. ಹನ್ನೆರಡಕ್ಕೆ ಮಗ ಬೈಕಿನಲ್ಲಿ ಕೂರಿಸಿಕೊಂಡು ಮನೆಗೆ ಬಿಟ್ಟು ಬಂದ. ಮರುದಿನ ಅವಳು, "ಅತ್ತೆ, ಅಷ್ಟು ಹೊತ್ತು ಕುಳಿತು ನೀವು ಏನು ನೋಡುತ್ತೀರಿ?" ಎಂದು ಕೇಳಿದಳು. ತಪ್ಪು ಅವಳದಲ್ಲ, ನನ್ನದೇ. ಏನನ್ನೂ ಹೇಳಿಕೊಡದೆ ಚಂಡೆಯ ಬುಡದಲ್ಲಿ ಕೂರಿಸಿದ್ದೆ, ಹೊದೆಯಲು ತೆಳು ಶಾಲು ಕೊಟ್ಟಿದ್ದೆ, ಸಾಲದ್ದಕ್ಕೆ ಹೊರಡುವ ಮೊದಲು ಹೊಟ್ಟೆ ಬಿರಿಯುವಷ್ಟು ಬಡಿಸಿದ್ದೆ. ಅವಳನ್ನು ಮತ್ತೆ ದಾರಿಗೆ ತರಲು ಎರಡು ಹಂಗಾಮು ಹಿಡಿಯಿತು. ಆಗ ಹೇಳಿಕೊಟ್ಟದ್ದನ್ನೇ ಹೊಸಬರಿಗಾಗಿ ಇಲ್ಲಿ ಬರೆದಿದ್ದೇನೆ.

ನನ್ನ ತವರು ಹೊನ್ನಾವರ ತಾಲೂಕಿನ ಶರಾವತಿ ದಂಡೆ. ಆರು ವರ್ಷದವಳಿದ್ದಾಗ, 1968ರಲ್ಲಿ, ಅಪ್ಪಯ್ಯನ ಹೆಗಲ ಮೇಲೆ ಕುಳಿತು ಮೊದಲ ಆಟಕ್ಕೆ ಹೋದೆ. ಮುಂದೆ ಅಣ್ಣ ಸೂಡಿ (ಒಣಗರಿಯ ಪಂಜು) ಬೀಸುತ್ತ ದಾರಿ ತೋರಿಸುತ್ತಿದ್ದ. 1983ರಲ್ಲಿ ಮದುವೆಯಾಗಿ ಘಟ್ಟ ಹತ್ತಿ ಬಂದೆ. ಇಲ್ಲಿಯೂ ಜನರಿಗೆ ಆಟದ ಹುಚ್ಚು ಇದ್ದದ್ದು ನನ್ನ ಪುಣ್ಯ. ಬಾಣಂತನ, ಸೂತಕ ಬಿಟ್ಟರೆ ಒಂದು ಹಂಗಾಮನ್ನೂ ತಪ್ಪಿಸಿದವಳಲ್ಲ. ಅಂದ ಹಾಗೆ ನಮ್ಮ ಕಡೆ 'ಯಕ್ಷಗಾನಕ್ಕೆ ಹೋಗುತ್ತೇನೆ' ಎಂದರೆ ನೀವು ಹೊರಗಿನವರೆಂದು ಗೊತ್ತಾಗಿಬಿಡುತ್ತದೆ. ಆಟಕ್ಕೆ ಹೋಗುತ್ತೇನೆ ಎನ್ನಿ.

ಮೊದಲು ಆಟವನ್ನು ಆರಿಸಿಕೊಳ್ಳಬೇಕು. ಮೇಳಗಳು, ಅಂದರೆ ಆಟದ ತಂಡಗಳು, ನವೆಂಬರ್ ಹೊತ್ತಿಗೆ ತಿರುಗಾಟಕ್ಕೆ ಹೊರಟರೆ ಮೇ ಕೊನೆಗೆ, ಮಳೆಗೆ ಮುಂಚೆ, ಗೆಜ್ಜೆ ಬಿಚ್ಚುತ್ತವೆ. ಮಳೆಗಾಲದಲ್ಲಿ ಪೇಟೆಯ ಸಭಾಂಗಣಗಳಲ್ಲಿ ಆಗುವುದು ಹೆಚ್ಚಾಗಿ ಕಾಲಮಿತಿಯ ಆಟ, ಸಂಜೆ ಹಿಡಿದು ಊಟದ ಹೊತ್ತಿಗೋ ನಡುರಾತ್ರಿಗೋ ಮುಗಿಯುವಂಥದ್ದು. ಹೊಸಬರು ಅದರಿಂದಲೇ ಆರಂಭಿಸಲಿ ಎಂದು ಬಹಳ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಾಲಮಿತಿಯಲ್ಲಿ ಎಲ್ಲರಿಗೂ ಗಡಿಬಿಡಿ. ಹಾಡುವ ಭಾಗವತರು ಪದ್ಯ ಹಾರಿಸುತ್ತಾರೆ, ವೇಷಧಾರಿ ಗಡಿಯಾರ ನೋಡಿ ಸಾಯುತ್ತಾನೆ. ನಿಮ್ಮ ಮೊದಲ ಆಟ ಯಾವುದೋ ಮನೆಯವರು ಹರಕೆ ಹೊತ್ತು ಆಡಿಸುವ ಬಯಲಾಟವಾಗಿರಲಿ. ಟಿಕೆಟ್ ಇಲ್ಲ, ಬಾಗಿಲಿಲ್ಲ, ಎದ್ದು ಹೋದರೆ ಯಾರೂ ಕೇಳುವುದಿಲ್ಲ, ತಿರುಗಿ ಬಂದರೆ ಜಾಗ ಹಾಗೆಯೇ ಇರುತ್ತದೆ. ತಿಂಗಳು ಜನವರಿ ಅಥವಾ ಫೆಬ್ರವರಿ ಆದರೆ ಒಳ್ಳೆಯದು. ಗದ್ದೆ ಕೊಯ್ಲು ಮುಗಿದು ಬಯಲು ಒಣಗಿರುತ್ತದೆ.

ಟಿಕೆಟ್ ಇಟ್ಟು ಆಡುವ ಟೆಂಟಿನ ಆಟಕ್ಕೆ ಹೋಗುವುದಾದರೆ ಕರಪತ್ರವನ್ನು ಎರಡು ಸಲ ಓದಿ. ದೊಡ್ಡ ಅಕ್ಷರದಲ್ಲಿರುವ ಹೆಸರುಗಳಿಗಿಂತ ಯಾರು ಯಾವ ಪಾತ್ರ ಎಂಬುದು ಮುಖ್ಯ. 'ಅತಿಥಿ ಕಲಾವಿದರು' ಎಂಬ ಸಾಲಿನ ಮೇಲೆ ಹೆಚ್ಚು ಭರವಸೆ ಇಡಬೇಡಿ. ಒಮ್ಮೆ ಒಬ್ಬ ಹೆಸರಾಂತ ಸ್ತ್ರೀವೇಷಧಾರಿಯ ಹೆಸರು ನೋಡಿ, ಯಜಮಾನರನ್ನು ಎಬ್ಬಿಸಿಕೊಂಡು, ಎರಡು ಬಸ್ಸು ಬದಲಿಸಿ ಹೋದೆವು. ಅವರು ಬರಲೇ ಇಲ್ಲ. ಸಂಘಟಕರು ಕಾರಣವನ್ನೂ ಹೇಳಲಿಲ್ಲ. ನಾನು ಸುಮ್ಮನಿದ್ದೆ. ನಮ್ಮ ಯಜಮಾನರು ಮಾತ್ರ ಇವತ್ತಿಗೂ ಸುಮ್ಮನಾಗಿಲ್ಲ. ಅಂದಿನಿಂದ ಆಟದ ದಿನ ಮಧ್ಯಾಹ್ನ ಕರಪತ್ರದಲ್ಲಿರುವ ನಂಬರಿಗೆ ಒಂದು ಫೋನು ಮಾಡಿ ಕೇಳಿಯೇ ಹೊರಡುತ್ತೇವೆ.

ಇನ್ನು ಒಯ್ಯುವ ಸಾಮಾನು. ಕಂಬಳಿ ಬೇಕೇ ಬೇಕು, ಶಾಲು ಸಾಲದು. ಘಟ್ಟದ ಮೇಲೆ ಎರಡು ಗಂಟೆಯ ನಂತರ ಇಬ್ಬನಿ ಹನಿಹನಿಯಾಗಿ ಬೀಳುತ್ತದೆ, ಕರಾವಳಿಯವರಿಗೆ ಇದು ಗೊತ್ತಿರುವುದಿಲ್ಲ. ನಾನೂ ಮೊದಲ ವರ್ಷ ತವರಿನ ಧೈರ್ಯದಲ್ಲಿ ಬರಿಗೈಯಲ್ಲಿ ಹೋಗಿ ಎಂಟು ದಿನ ಕೆಮ್ಮಿದ್ದೇನೆ. ಕಂಬಳಿಯನ್ನು ಕೊಪ್ಪೆ ಹಾಕಿಕೊಂಡರೆ ತಲೆಯೂ ಬೆಚ್ಚಗಿರುತ್ತದೆ. ಕೂರಲು ಚಾಪೆಯ ಕೆಳಗೆ ಒಂದು ಅಡಿಕೆ ಹಾಳೆ ಹಾಕಿಕೊಳ್ಳಿ, ನೆಲದ ಥಂಡಿ ಮೇಲೆ ಬರುವುದಿಲ್ಲ. ಥರ್ಮಾಸಿನಲ್ಲಿ ಕೊತ್ತಂಬರಿ ಜೀರಿಗೆಯ ಕಷಾಯ ಇರಲಿ. ಕವಳ (ಎಲೆ ಅಡಿಕೆ) ಹಾಕುವವರು ಡಬ್ಬಿಯನ್ನು ಮರೆಯಬೇಡಿ. ಮರೆತರೆ ಪಕ್ಕದವರ ಡಬ್ಬಿಯ ಮೇಲೆ ಕಣ್ಣಿಡಬೇಕಾಗುತ್ತದೆ, ಆಗ ಆಟ ಕಾಣುವುದಿಲ್ಲ. ಊಟ ಹಿತಮಿತವಾಗಿರಲಿ. ಸುಟ್ಟ ಶೇಂಗಾ, ಚುರುಮುರಿ, ಚಹಾ ಅಲ್ಲಿಯೇ ಸಿಗುತ್ತವೆ. ಹಸಿವು ಒಂದು ಗಂಟೆಯ ಮೇಲೆ ಬರಬೇಕು, ಎಚ್ಚರವಿರಲು ಅದೂ ಒಂದು ಉಪಾಯ.

ಆಟ ಒಂಬತ್ತೂವರೆಗೆ ಎಂದು ಬರೆದಿದ್ದರೆ ಎಂಟಕ್ಕೇ ಹೋಗಿ. ಜಾಗ ಹಿಡಿಯುವುದು ಒಂದು ಕಾರಣ, ಚೌಕಿ ಇನ್ನೊಂದು. ರಂಗಸ್ಥಳದ ಹಿಂದೆ ತಟ್ಟಿ ಕಟ್ಟಿಯೋ ಶಾಲೆಯ ಕೋಣೆಯಲ್ಲಿಯೋ ವೇಷ ಕಟ್ಟುವ ಜಾಗವೇ ಚೌಕಿ. ಚಪ್ಪಲಿ ಹೊರಗೆ ಬಿಟ್ಟು, ಒಂದು ಮಾತು ಕೇಳಿ, ಬಾಗಿಲಲ್ಲಿ ನಿಂತು ನೋಡಿ. ಅಲ್ಲಿ ಗಣಪತಿಗೆ ದೀಪ ಹಚ್ಚಿರುತ್ತಾರೆ. ಸಾಲಾಗಿ ಕುಳಿತವರು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುತ್ತಿರುತ್ತಾರೆ. ಬಡಗಿನ, ಅಂದರೆ ನಮ್ಮ ಉತ್ತರದ ಶೈಲಿಯ, ಮುಂಡಾಸನ್ನು ಬಟ್ಟೆ ಸುತ್ತಿ ಸುತ್ತಿ ಪ್ರತಿ ರಾತ್ರಿಯೂ ಹೊಸದಾಗಿ ಕಟ್ಟಬೇಕು. ಆ ಕಟ್ಟುವಿಕೆಯನ್ನು ಒಮ್ಮೆ ನೋಡಿದರೆ, ಆಮೇಲೆ ಕರ್ಣನೋ ಅರ್ಜುನನೋ ತಲೆ ಕುಣಿಸಿದಾಗ ನಿಮಗೂ ಕುತ್ತಿಗೆ ನೋಯುತ್ತದೆ. ಭುಜಕೀರ್ತಿ, ಎದೆಕಟ್ಟುಗಳೆಲ್ಲ ಹಗುರ ಮರದ ಮೇಲೆ ಬೇಗಡೆ ಹಚ್ಚಿದವು. ಚಿಕ್ಕಂದಿನಲ್ಲಿ ಅವು ಬಂಗಾರವೆಂದು ನಂಬಿದ್ದೆ. ಚೌಕಿಯಲ್ಲಿ ಒಬ್ಬರು ಒಂದನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟರು. ಅದಕ್ಕೆ ಭಾರವೇ ಇರಲಿಲ್ಲ. ನಾನು ಅತ್ತುಬಿಟ್ಟೆ. ಫೋಟೋ ಬೇಕಾದರೆ ಕೇಳಿ ತೆಗೆಯಿರಿ. ಬಣ್ಣ ಬರೆದುಕೊಳ್ಳುವಾಗ ಮಾತನಾಡಿಸಬೇಡಿ.

ಆಟಕ್ಕೆ ಮುಂಚೆ 'ಕೇಳಿ' ಎಂಬುದನ್ನು ಬಾರಿಸುತ್ತಾರೆ, ಚಂಡೆ ಮದ್ದಳೆಗಳ ಆ ನಾದವೇ ಊರಿಗೆ ಕರೆಯೋಲೆ. ಆಮೇಲೆ ಕಥೆಗೆ ಮುಂಚಿನ ಕುಣಿತಗಳು: ಕೋಡಂಗಿ, ಬಾಲಗೋಪಾಲ, ಪೀಠಿಕೆಯ ಸ್ತ್ರೀವೇಷ. ಇದನ್ನು ಜನ ಮಾತನಾಡುತ್ತ ಕಳೆಯುತ್ತಾರೆ. ನೀವು ನೋಡಿ. ಹೊಸ ಹುಡುಗರು ಹೆಜ್ಜೆ ಕಲಿಯುವುದು ಅಲ್ಲಿಯೇ. ಹತ್ತು ವರ್ಷದ ಮೇಲೆ ಅವರಲ್ಲೊಬ್ಬ ಎರಡನೇ ವೇಷದಂಥ ಮುಖ್ಯ ಪಾತ್ರಕ್ಕೆ ಬಂದಾಗ, 'ಇವನ ಕೋಡಂಗಿ ನೋಡಿದ್ದೇನೆ' ಎನ್ನುವ ಹೆಮ್ಮೆ ನಿಮ್ಮದಾಗುತ್ತದೆ. ನನಗೆ ಅಂಥವರು ನಾಲ್ಕು ಜನ ಇದ್ದಾರೆ.

ಕೂರುವ ಜಾಗ: ಧ್ವನಿವರ್ಧಕದ ಎದುರಿಗೆ ಬೇಡ, ಚಂಡೆಯ ಬದಿಗೂ ಬೇಡ. ಭಾಗವತರ ಬಾಯಿ ಕಾಣುವ ಹಾಗೆ ನಡುವಿನಲ್ಲಿ, ಐದಾರು ಸಾಲು ಹಿಂದೆ. ಟೆಂಟಿನಲ್ಲಿ ಎಲ್ಲರ ಮುಂದೆ ಆರಾಮ ಕುರ್ಚಿಗಳಿರುತ್ತವೆ. ಹಣ ಹೆಚ್ಚು ಕೊಟ್ಟು ಅಲ್ಲಿ ಕೂತವರೇ ಮೊದಲು ಗೊರಕೆ ಹೊಡೆಯುವುದನ್ನು ಕಂಡಿದ್ದೇನೆ. ನೆಲವೇ ಮೇಲು.

ಈಗ ಸೊಸೆಯ ಪ್ರಶ್ನೆ: ಏನು ನೋಡುವುದು? ಕಥೆ ನೋಡಲು ಹೋಗಬೇಡಿ. ಕಥೆ ನಿಮಗೆ ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಹಗಲು ಮನೆಯ ಹಿರಿಯರನ್ನು ಕೇಳಿ ತಿಳಿದುಕೊಳ್ಳಿ. ಪ್ರಸಂಗದಲ್ಲಿ, ಅಂದರೆ ಆಡುವ ಕಥೆಯ ಪುಸ್ತಕದಲ್ಲಿ, ಬರೆದಿರುವುದು ಪದ್ಯಗಳು ಮಾತ್ರ. ಭಾಗವತರು ಪದ್ಯ ಹಾಡುತ್ತಾರೆ, ವೇಷ ಅದಕ್ಕೆ ಕುಣಿಯುತ್ತದೆ, ಪದ್ಯ ನಿಂತ ಮೇಲೆ ಅದರ ಅರ್ಥವನ್ನು ಮಾತಿನಲ್ಲಿ ಹೇಳುತ್ತದೆ. ಆ ಮಾತು ಎಲ್ಲಿಯೂ ಬರೆದದ್ದಲ್ಲ, ಅಂದಿನ ರಾತ್ರಿಯೇ ಹುಟ್ಟಬೇಕು. ಎದುರಿನವನು ಏನು ಕೇಳುತ್ತಾನೋ ಅದಕ್ಕೆ ತಕ್ಕ ಉತ್ತರ ಅಲ್ಲಿಯೇ ಹೊಳೆಯಬೇಕು. ಹಾಗಾಗಿ ಪದ್ಯದ ಸಾಲನ್ನು ಕಿವಿಯಲ್ಲಿಟ್ಟುಕೊಳ್ಳಿ, ಅದರಿಂದ ಆತ ಏನು ತೆಗೆಯುತ್ತಾನೆ ಎಂದು ಕಾಯಿರಿ. ಗದಾಯುದ್ಧದಲ್ಲಿ ಕೊಳದಲ್ಲಿ ಅಡಗಿದ ಕೌರವನನ್ನು ಭೀಮ ಹಂಗಿಸಿ ಎಬ್ಬಿಸುತ್ತಾನಲ್ಲ, ಆ ಜಾಗವನ್ನು ಇಪ್ಪತ್ತು ಸಲವಾದರೂ ನೋಡಿದ್ದೇನೆ. ಒಬ್ಬ ಕೌರವ ಮೇಲೆ ಬಂದವನು ಅರ್ಧ ಗಂಟೆ ತನ್ನ ವಂಶದ ಕಥೆ ಹೇಳಿದ. ಕೇಳಿದೆವು, ಮರೆತೆವು. ಇನ್ನೊಂದು ವರ್ಷ ಕುಮಟಾದ ಹತ್ತಿರ ಒಬ್ಬ, ಹೆಸರಾದವನೇನಲ್ಲ, ಎದ್ದು ನಿಂತು ಮುಖ ಒರೆಸಿಕೊಂಡು, "ನೀರು ತಣ್ಣಗಿತ್ತು, ನಿನ್ನ ಮಾತು ಬಿಸಿಯಾಗಿತ್ತು, ಬಂದೆ" ಎಂದು ಗದೆಗೆ ಕೈ ಹಾಕಿದ. ಬಯಲಿನಲ್ಲಿ ಒಂದು ಕ್ಷಣ ಶೇಂಗಾ ಒಡೆಯುವ ಸದ್ದೂ ನಿಂತಿತು. ಇಂಥ ಒಂದು ಮಾತಿಗಾಗಿ ಎಷ್ಟೋ ರಾತ್ರಿ ಕಾಯಬೇಕಾಗುತ್ತದೆ, ಕೆಲವು ರಾತ್ರಿ ಸಿಗುವುದೂ ಇಲ್ಲ.

ರಂಗದ ಮೇಲೆ ಒಂದು ಮರದ ಪೀಠವಿರುತ್ತದೆ, ಅದಕ್ಕೆ ರಥ ಎನ್ನುತ್ತಾರೆ. ಸಿಂಹಾಸನವೂ ಅದೇ, ಬೆಟ್ಟವೂ ಅದೇ. ಈ ಒಂದನ್ನು ನೀವು ಒಪ್ಪಿಕೊಂಡರೆ ಉಳಿದದ್ದೆಲ್ಲ ಸುಲಭ.

ಪಕ್ಷ ಕಟ್ಟಿಕೊಳ್ಳುವುದೂ ಆಟ ನೋಡುವ ಒಂದು ಭಾಗ. ತವರಿನಲ್ಲಿ ಅಣ್ಣ ಕೆರೆಮನೆ ಶಂಭು ಹೆಗಡೆಯವರ ಕಡೆ, ನಾನು ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕಡೆ. ಇಬ್ಬರೂ ನಮ್ಮ ಹೊನ್ನಾವರ ತಾಲೂಕಿನ ಹೆಸರಾಂತ ವೇಷಧಾರಿಗಳೇ. ಶಂಭು ಹೆಗಡೆಯವರದು ಅವರ ತಂದೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ. ಅವರದು ಅಳೆದು ತೂಗಿದ ಅಭಿನಯ, ಪಾತ್ರ ಏನು ಯೋಚಿಸುತ್ತಿದೆ ಎಂಬುದು ಮುಖದಲ್ಲಿ ಕಾಣುತ್ತಿತ್ತು. ಚಿಟ್ಟಾಣಿಯವರ ಕೀಚಕ, ಭಸ್ಮಾಸುರ, ದುಷ್ಟಬುದ್ಧಿ ಬಂದರೆ ಯೋಚಿಸಲು ನಮಗೆ ಪುರುಸೊತ್ತೇ ಇರುತ್ತಿರಲಿಲ್ಲ. "ಅದು ಕುಣಿತ, ಇದು ಕಲೆ" ಎಂದು ಅಣ್ಣ ಹೇಳಿದರೆ ನಾನು ಎರಡು ದಿನ ಅವನಿಗೆ ಚಹಾ ಕೊಡುತ್ತಿರಲಿಲ್ಲ. 2009ರ ಫೆಬ್ರವರಿಯಲ್ಲಿ ಶಂಭು ಹೆಗಡೆಯವರು ತೀರಿಕೊಂಡಾಗ ಅಣ್ಣನಿಗೆ ಫೋನು ಮಾಡಿದೆ, ಇಬ್ಬರಿಗೂ ಮಾತು ಹೊರಡಲಿಲ್ಲ. 2012ರಲ್ಲಿ ಚಿಟ್ಟಾಣಿಯವರಿಗೆ ಪದ್ಮಶ್ರೀ ಬಂದ ದಿನ ಫೋನು ಮಾಡಿದ್ದು ಅಣ್ಣ. 2017ರ ಅಕ್ಟೋಬರಿನಲ್ಲಿ ಅವರೂ ಹೋದರು. ಆಗಲೂ ಅವನೇ ಮಾಡಿದ. ನೀವು ನಿಮ್ಮ ಕಾಲದ ಇಬ್ಬರನ್ನು ಹುಡುಕಿಕೊಳ್ಳಿ, ಜಗಳವಾಡಲು ಮನೆಯಲ್ಲೇ ಒಬ್ಬರಿದ್ದರೆ ಅನುಕೂಲ.

ನಿದ್ದೆಯ ಬಗ್ಗೆ ನಾಚಿಕೆ ಬೇಡ. ಆಟದಲ್ಲಿ ನಿದ್ದೆ ಮಾಡದವರು ಹಿಮ್ಮೇಳದವರು ಮತ್ತು ಚಹಾದಂಗಡಿಯವನು ಮಾತ್ರ. ಆದರೆ ಎಲ್ಲಿ ಮಲಗಬೇಕು ಎಂಬುದು ತಿಳಿದಿರಬೇಕು. ರಾತ್ರಿಗೆ ಎರಡೋ ಮೂರೋ ಪ್ರಸಂಗಗಳಿದ್ದರೆ, ಮೊದಲನೆಯದು ಮುಗಿದು ಎರಡನೆಯದು ಹಿಡಿಯುವ ಸಂದು ಒಳ್ಳೆಯದು. ಹೊಸ ಒಡ್ಡೋಲಗ, ಪಾತ್ರಗಳ ಪರಿಚಯ, ಇವುಗಳ ನಡುವೆ ಮುಕ್ಕಾಲು ಗಂಟೆ ಸಿಗುತ್ತದೆ. ಕಂಬಳಿ ಮುಚ್ಚಿಕೊಂಡು ಅಲ್ಲಿಯೇ ಉರುಳಿ. ಎಬ್ಬಿಸಲು ಯಾರಿಗೂ ಹೇಳಬೇಕಾಗಿಲ್ಲ. ಯುದ್ಧದ ಪದ್ಯಕ್ಕೆ ಚಂಡೆ ಏರಿದಾಗ, ಇಲ್ಲವೇ ಹಾಸ್ಯಗಾರನ ಮಾತಿಗೆ ಜನ ನಕ್ಕಾಗ ತಾನಾಗಿ ಎಚ್ಚರವಾಗುತ್ತದೆ. ಮಕ್ಕಳನ್ನು ಮಾತ್ರ ಎಬ್ಬಿಸಬೇಡಿ. ನಾನು ಚಿಕ್ಕವಳಿದ್ದಾಗ ವಲಲ (ಅಜ್ಞಾತವಾಸದ ಭೀಮ) ಕೀಚಕನನ್ನು ಕೊಲ್ಲಲು ಸೀರೆ ಉಟ್ಟು ನಾಟ್ಯಶಾಲೆಗೆ ಹೋಗುವ ಹೊತ್ತಿಗೆ ಸರಿಯಾಗಿ ನಿದ್ದೆ ಹೋಗುತ್ತಿದ್ದೆ. ಮೂರು ಸಲ ಹಾಗಾಯಿತು. ಹಾಗಾಗಿ ಹತ್ತನೇ ವಯಸ್ಸಿನವರೆಗೂ ನನ್ನ ಲೆಕ್ಕದಲ್ಲಿ ಕೀಚಕ ಸತ್ತಿರಲಿಲ್ಲ. ಎಲ್ಲಿಯೋ ಕಾಯುತ್ತಿದ್ದಾನೆ ಎಂದು ಹೆದರಿ ಕತ್ತಲಲ್ಲಿ ಬಚ್ಚಲಿಗೆ ಹೋಗುತ್ತಿರಲಿಲ್ಲ. ಕಳೆದ ಮಾಘದಲ್ಲಿ ಮೊಮ್ಮಗಳು ಅದೇ ಜಾಗದಲ್ಲಿ ನನ್ನ ತೊಡೆಯ ಮೇಲೆ ನಿದ್ದೆ ಹೋದಳು. "ಎಬ್ಬಿಸಲೇ ಅತ್ತೆ?" ಎಂದು ಸೊಸೆ ಕೇಳಿದಳು. ಬೇಡ ಎಂದೆ. ಸೊಸೆ ಈಗ ಬೆಳಗಿನವರೆಗೂ ಕೂರುತ್ತಾಳೆ. ಕೊನೆಯ ತಾಸಿನಲ್ಲಿ ನನಗಿಂತ ಅವಳಿಗೇ ಎಚ್ಚರ ಹೆಚ್ಚು.

ಆ ಕೊನೆಯ ತಾಸನ್ನು ಬಿಡಬೇಡಿ. ನಾಲ್ಕೂವರೆಗೆ ಎದ್ದು ಹೊರಡುವವರು ಬಹಳ ಜನ, ಬೈಕು ತೆಗೆಯುವ ಸದ್ದಿಗೆ ಭಾಗವತರ ಪದ್ಯವೇ ಕೇಳದಂತಾಗುತ್ತದೆ. ಜನ ಕಡಿಮೆಯಾದ ಮೇಲೆ ಮುಂದಕ್ಕೆ ಸರಿದು ಕುಳಿತುಕೊಳ್ಳಿ. ದೀಪದ ಬೆಳಕು ಸಪ್ಪೆಯಾಗಿ ಆಕಾಶ ಬಿಳುಪೇರುವಾಗ ಬೆವರಿಗೆ ಕರಗಿದ ಬಣ್ಣದ ಕೆಳಗೆ ಮನುಷ್ಯರ ಮುಖ ಕಾಣತೊಡಗುತ್ತದೆ. ಮಂಗಳ ಪದ್ಯಕ್ಕೆ ಎದ್ದು ನಿಂತು ಕೈ ಮುಗಿಯಿರಿ.

ಮುಗಿದ ಕೂಡಲೇ ಗಾಡಿ ಹತ್ತಬೇಡಿ, ಅದರಲ್ಲೂ ದಾರಿಯಲ್ಲಿ ಘಟ್ಟವಿದ್ದರೆ. ದೇವಸ್ಥಾನದ ಜಗಲಿಯಲ್ಲಿಯೋ ಕಾರಿನಲ್ಲಿಯೋ ಒಂದು ತಾಸು ಮಲಗಿ, ಮುಖ ತೊಳೆದು, ಚಹಾ ಕುಡಿದು ಹೊರಡಿ. ನಮ್ಮ ಭಾವ ಒಬ್ಬರು ಗೇರುಸೊಪ್ಪೆಯಿಂದ ಮೇಲೆ ಬರುವಾಗ ತಿರುವಿನಲ್ಲಿ ಕಣ್ಣು ಮುಚ್ಚಿ ಚರಂಡಿಗೆ ಇಳಿಸಿದ್ದರು. ಪೆಟ್ಟಾಗಲಿಲ್ಲ, ಅತ್ತಿಗೆಯ ಬೈಗುಳ ಮಾತ್ರ ಸಿರಸಿಯವರೆಗೂ ನಿಲ್ಲಲಿಲ್ಲ.

ಆಕಳು ಕಟ್ಟಿದವರಿಗೆ ಕೊನೆಯದೊಂದು ಸೂಚನೆ. ಬೆಳಿಗ್ಗೆ ಹಾಲು ಕರೆಯುವವರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ, ಆಟದ ಹುಚ್ಚಿಲ್ಲದವರೇ ಆಗಬೇಕು. ನಮ್ಮ ಕೆಳಗಿನ ಮನೆಯ ಅತ್ತಿಗೆಗೆ ಚಂಡೆ ಕೇಳಿದರೆ ಆಗುವುದಿಲ್ಲ, ನನ್ನ ಕೊಟ್ಟಿಗೆಯನ್ನು ಅವರೇ ನೋಡಿಕೊಳ್ಳುತ್ತಾರೆ. ಬದಲಿಗೆ ಅವರು ಸಿರಸಿಯ ಮಾರಿಕಾಂಬೆ ಜಾತ್ರೆಗೆ ಹೋದ ದಿನ ಅವರ ಕೊಟ್ಟಿಗೆ ನನ್ನದು. ಆ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಲೆಕ್ಕದಲ್ಲಿ ನಾನು ಬಹಳ ಹಿಂದೆ ಬಿದ್ದಿದ್ದೇನೆ.