ಒಗಟು ಬಿಡಿಸಿದ ಮೇಲೆ ಮಕ್ಕಳು ಬರೆದದ್ದು

ಅರಸೀಕೆರೆ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತ ಶಿಕ್ಷಕಿ. ನಮ್ಮಲ್ಲಿ ಎಂಟನೆಯ ತರಗತಿಗೆ ಸೇರುವ ಮಕ್ಕಳು ಸುತ್ತಲಿನ ಆರೇಳು ಹಳ್ಳಿಗಳ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಏಳನೆಯ ತರಗತಿ ಮುಗಿಸಿ ಬಂದವರು. ಜೂನ್ ತಿಂಗಳಲ್ಲಿ ಅವರು ಊರಿನ ಲೆಕ್ಕದಲ್ಲಿಯೇ ಗುಂಪುಗೂಡಿ ಕುಳಿತುಕೊಳ್ಳುತ್ತಾರೆ, ಬೇರೆ ಊರಿನವರ ಹೆಸರು ತಿಳಿಯುವುದಕ್ಕೇ ತಿಂಗಳು ಹಿಡಿಯುತ್ತದೆ. ಈ ಮಕ್ಕಳು ಒಬ್ಬರ ಜೊತೆ ಒಬ್ಬರು ಕೂಡಿ ಯೋಚಿಸುವಂತಾಗಲಿ ಎಂಬ ಆಸೆಯಿಂದ ನಾಲ್ಕು ವರ್ಷಗಳ ಹಿಂದೆ ಶನಿವಾರದ ಬೆಳಗಿನ ಶಾಲೆಯ ಕೊನೆಯ ಪಿರಿಯಡ್ಡನ್ನು ಗಣಿತದ ಒಗಟುಗಳಿಗೆಂದು ಮೀಸಲಿಟ್ಟೆ. ಪ್ರತಿ ಸಲ ಒಗಟು ಮುಗಿದ ಮೇಲೆ ಮಕ್ಕಳು ಅರ್ಧ ಹಾಳೆಯಲ್ಲಿ ತಮ್ಮ ಅನುಭವವನ್ನು ಬರೆದುಕೊಡುತ್ತಾರೆ. ಒಗಟುಗಳು ನನಗೆ ಮೊದಲೇ ಗೊತ್ತಿದ್ದವು. ಈ ಅರ್ಧ ಹಾಳೆಗಳನ್ನು ಬರೆಸುವುದು ಹೇಗೆ, ಓದುವುದು ಹೇಗೆ ಎಂಬುದನ್ನು ಮಾತ್ರ ನಾನು ತಪ್ಪು ಮಾಡಿಯೇ ಕಲಿಯಬೇಕಾಯಿತು.

ಮೊದಲನೆಯ ಶನಿವಾರ ಹನೋಯ್ ಗೋಪುರವನ್ನು ಕೊಟ್ಟಿದ್ದೆ. ಫ್ರಾನ್ಸಿನ ಗಣಿತಜ್ಞ ಎಡ್ವರ್ಡ್ ಲ್ಯೂಕಾ 1883ರಲ್ಲಿ ಪ್ರಕಟಿಸಿದ ಒಗಟು ಅದು: ಮೂರು ಕಂಬ, ಒಂದು ಕಂಬದಲ್ಲಿ ದೊಡ್ಡದರ ಮೇಲೆ ಚಿಕ್ಕದರಂತೆ ಜೋಡಿಸಿದ ಬಿಲ್ಲೆಗಳು. ಒಮ್ಮೆಗೆ ಒಂದೇ ಬಿಲ್ಲೆಯನ್ನು ಎತ್ತಬೇಕು, ಚಿಕ್ಕದರ ಮೇಲೆ ದೊಡ್ಡದನ್ನು ಇಡಬಾರದು, ಹೀಗೆ ಇಡೀ ಗೋಪುರವನ್ನು ಇನ್ನೊಂದು ಕಂಬಕ್ಕೆ ಸಾಗಿಸಬೇಕು. ಹಳೆಯ ಲಗ್ನಪತ್ರಿಕೆಗಳ ರಟ್ಟಿನಿಂದ ಬಿಲ್ಲೆಗಳನ್ನು ಕತ್ತರಿಸಿದ್ದೆ. ಮೂರು ಬಿಲ್ಲೆಗೆ ಕನಿಷ್ಠ 7 ನಡೆ, ನಾಲ್ಕಕ್ಕೆ 15, ಐದಕ್ಕೆ 31. ನಲವತ್ತು ನಿಮಿಷ ಮುಗಿಯುವುದರೊಳಗೆ ಹನ್ನೊಂದು ಗುಂಪುಗಳಲ್ಲಿ ಎಂಟು ಗುಂಪುಗಳು ನಾಲ್ಕು ಬಿಲ್ಲೆಗಳನ್ನು ಸಾಗಿಸಿದ್ದವು. ತರಗತಿಯಲ್ಲಿ ಗಲಗಲ ಎನ್ನುವ ಉತ್ಸಾಹವಿತ್ತು. "ಈ ಚಟುವಟಿಕೆಯಿಂದ ನೀವು ಏನು ಕಲಿತಿರಿ?" ಎಂದು ಕೇಳಿ ಹಾಳೆಗಳನ್ನು ಸಂಗ್ರಹಿಸಿಕೊಂಡು ಮನೆಗೆ ಹೋದೆ.

ನಲವತ್ತನಾಲ್ಕು ಹಾಳೆಗಳಲ್ಲಿ ಮೂವತ್ತಕ್ಕೂ ಹೆಚ್ಚು ಹಾಳೆಗಳಲ್ಲಿ ಒಂದೇ ಮಾತಿತ್ತು: "ಒಗ್ಗಟ್ಟಿನಲ್ಲಿ ಬಲವಿದೆ ಎಂದು ಕಲಿತೆವು." ಓದುವಾಗ ಸಂತೋಷವಾದದ್ದು ನಿಜ. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಬೇರೆಯೇ ಆಗಿತ್ತು. ಪ್ರತಿ ಗುಂಪಿನಲ್ಲಿ ಒಬ್ಬನೋ ಒಬ್ಬಳೋ ಬಿಲ್ಲೆಗಳನ್ನು ತನ್ನ ಮುಂದೆ ಎಳೆದುಕೊಂಡು ಆಡಿದರು, ಉಳಿದ ಮೂವರು ಬಗ್ಗಿ ನೋಡಿದರು. ಕಿಟಕಿಯ ಪಕ್ಕದ ಗುಂಪಿನಲ್ಲಿ ಒಬ್ಬ ಹುಡುಗ ಬಿಲ್ಲೆಗೆ ಕೈ ಚಾಚಿದಾಗಲೆಲ್ಲ ಪಕ್ಕದವನು ಆ ಕೈಯನ್ನು ತಳ್ಳುತ್ತಿದ್ದ. ಕೈ ತಳ್ಳಿಸಿಕೊಂಡ ಆ ಹುಡುಗನ ಹಾಳೆಯಲ್ಲಿಯೂ ಒಗ್ಗಟ್ಟಿನ ಬಲವೇ ಇತ್ತು. ಮಕ್ಕಳು ಸುಳ್ಳು ಬರೆಯಬೇಕೆಂದು ಬರೆದವರಲ್ಲ. ಪ್ರಬಂಧದ ಕೊನೆಯಲ್ಲಿ ನೀತಿ ಬರೆಯುವುದನ್ನು ನಾವೇ ಅವರಿಗೆ ಕಲಿಸಿದ್ದೇವೆ. ನನ್ನ ಪ್ರಶ್ನೆ ನೀತಿಯನ್ನು ಕೇಳಿತ್ತು, ಅವರು ನೀತಿಯನ್ನು ಕೊಟ್ಟಿದ್ದರು.

ಮುಂದಿನ ವಾರಗಳಲ್ಲಿ ಪ್ರಶ್ನೆಯನ್ನು ಹಲವು ಸಲ ತಿದ್ದಿದೆ. ಕೊನೆಗೆ ಉಳಿದವು ಮೂರು ಪ್ರಶ್ನೆಗಳು. ನೀವು ಎಲ್ಲಿ ಸಿಕ್ಕಿಕೊಂಡಿರಿ, ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದಿರಿ? ಯಾರ ಯಾವ ಮಾತಿನಿಂದ ದಾರಿ ಬದಲಾಯಿತು, ಆ ಮಾತನ್ನು ಹೇಳಿದಂತೆಯೇ ಬರೆಯಿರಿ. ನಿಮ್ಮ ಮನಸ್ಸಿನಲ್ಲಿದ್ದು ಹೇಳದೆ ಉಳಿದ ಮಾತು ಯಾವುದು, ಏಕೆ ಹೇಳಲಿಲ್ಲ? ಇದರ ಜೊತೆಗೆ ಕ್ರಮವನ್ನೂ ಬದಲಿಸಿದೆ. ಮೊದಲು ಒಗಟಿನ ಕುರಿತು ಎಲ್ಲರೂ ಸೇರಿ ಚರ್ಚಿಸಿ ಆಮೇಲೆ ಬರೆಯುತ್ತಿದ್ದರು. ಹಾಗಾದಾಗ ಚರ್ಚೆಯಲ್ಲಿ ಜೋರಾಗಿ ಮಾತನಾಡಿದವರ ವಾಕ್ಯಗಳೇ ಎಲ್ಲರ ಹಾಳೆಗಳಲ್ಲಿ ಕಾಣಿಸಿಕೊಳ್ಳುತ್ತಿದ್ದವು. ಈಗ ಒಗಟಿಗೆ ಇಪ್ಪತ್ತು ನಿಮಿಷ ಕಳೆದ ಕೂಡಲೇ ಹತ್ತು ನಿಮಿಷ ಯಾರೂ ಮಾತನಾಡದೆ ಬರೆಯುತ್ತಾರೆ, ಚರ್ಚೆ ಅದಾದ ಮೇಲೆ. ಈ ಹಾಳೆಗಳಿಗೆ ಅಂಕ ಕೊಡುವುದಿಲ್ಲ, ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗಳ ಲೆಕ್ಕಕ್ಕೂ ಸೇರಿಸುವುದಿಲ್ಲ, ಕಾಗುಣಿತವನ್ನೂ ತಿದ್ದುವುದಿಲ್ಲ. ಕೆಂಪು ಶಾಯಿ ಬಿದ್ದ ಮರುವಾರವೇ ಮಕ್ಕಳ ವಾಕ್ಯಗಳು ಚಿಕ್ಕದಾಗುವುದನ್ನು ಕಂಡ ಮೇಲೆ ಈ ನಿರ್ಧಾರಕ್ಕೆ ಬಂದೆ.

ಒಬ್ಬರೇ ಬಿಡಿಸಿಬಿಡುವುದನ್ನು ತಪ್ಪಿಸಲು ಒಗಟಿನ ಸ್ವರೂಪವೇ ಬದಲಾಗಬೇಕಾಗಿತ್ತು. ಅದಕ್ಕಾಗಿ ಸುಳಿವಿನ ಚೀಟಿಗಳನ್ನು ಮಾಡಿದೆ. ನಾಲ್ವರ ಗುಂಪಿಗೆ ನಾಲ್ಕು ಚೀಟಿ. ತನ್ನ ಚೀಟಿಯನ್ನು ಓದಿ ಹೇಳಬಹುದು, ಇನ್ನೊಬ್ಬರಿಗೆ ತೋರಿಸಬಾರದು, ಕೊಡಬಾರದು. ನಾನು ಮೊದಲು ಮಾಡಿದ ಒಗಟು ಬಹಳ ಸರಳವಾದದ್ದು. ಎರಡು ಅಂಕಿಗಳ ಒಂದು ಸಂಖ್ಯೆಯನ್ನು ಕಂಡುಹಿಡಿಯಬೇಕು. ಒಂದು ಚೀಟಿಯಲ್ಲಿ "ಆ ಸಂಖ್ಯೆ 9ರಿಂದ ಶೇಷವಿಲ್ಲದೆ ಭಾಗವಾಗುತ್ತದೆ", ಇನ್ನೊಂದರಲ್ಲಿ "ಹತ್ತರ ಸ್ಥಾನದ ಅಂಕಿ ಬಿಡಿ ಸ್ಥಾನದ ಅಂಕಿಗಿಂತ ದೊಡ್ಡದು", ಮೂರನೆಯದರಲ್ಲಿ "ಅದು 70ಕ್ಕಿಂತ ಕಡಿಮೆ", ನಾಲ್ಕನೆಯದರಲ್ಲಿ "ಅದು ಸಮಸಂಖ್ಯೆ". ಉತ್ತರ 54. ಯಾವುದೇ ಒಂದು ಚೀಟಿಯನ್ನು ಬಿಟ್ಟರೂ ಒಂದಕ್ಕಿಂತ ಹೆಚ್ಚು ಉತ್ತರಗಳು ಉಳಿಯುತ್ತವೆ.

ಅಂದು ಒಂದು ಗುಂಪು ಐದೇ ನಿಮಿಷದಲ್ಲಿ "ಮೇಡಂ, 63!" ಎಂದು ಕೂಗಿತು. ಅದು 9ರಿಂದ ಭಾಗವಾಗುತ್ತದೆ, 6 ಎಂಬುದು 3ಕ್ಕಿಂತ ದೊಡ್ಡದು, 70ಕ್ಕಿಂತಲೂ ಕಡಿಮೆ. ಸಮಸಂಖ್ಯೆಯ ಚೀಟಿ ಹಿಡಿದಿದ್ದ ಹುಡುಗಿ ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ನಾನು ಏನನ್ನೂ ಹೇಳದೆ "ನಾಲ್ಕೂ ಚೀಟಿಗಳಿಗೆ ಹೊಂದುತ್ತದೆಯೇ, ನೋಡಿ" ಎಂದು ಮುಂದೆ ಹೋದೆ. ಸ್ವಲ್ಪ ಹೊತ್ತಿನ ಮೇಲೆ ಅವರು 54ಕ್ಕೆ ಬಂದರು. ಆ ಹುಡುಗಿ ಮೂರನೆಯ ಪ್ರಶ್ನೆಗೆ ಹೀಗೆ ಬರೆದಿದ್ದಳು: "ನನ್ನ ಚೀಟಿಯನ್ನು ಒಂದು ಸಲ ಓದಿದೆ. ಅವರು ಲೆಕ್ಕ ಮಾಡುತ್ತಿದ್ದರು, ಕೇಳಿಸಲಿಲ್ಲ. 63 ಎಂದಾಗ ತಪ್ಪು ಅಂತ ನನಗೆ ಗೊತ್ತಾಯಿತು. ಆದರೆ ಅವರು ಖುಷಿಯಾಗಿದ್ದರು." ಅದೇ ಗುಂಪಿನಲ್ಲಿ ಮೊದಲು ಕೂಗಿದ ಹುಡುಗ ಎರಡನೆಯ ಪ್ರಶ್ನೆಗೆ ಬರೆದದ್ದು: "ಇನ್ನೊಂದು ಚೀಟಿ ಯಾರ ಹತ್ತಿರ ಇದೆ ಅಂತ ನಾನೇ ಕೇಳಬೇಕಿತ್ತು." ಎರಡೂ ಹಾಳೆಗಳನ್ನು ಅಕ್ಕಪಕ್ಕದಲ್ಲಿಟ್ಟುಕೊಂಡು ಓದಿದ ಆ ಸಂಜೆ ನನಗೆ ಇಂದಿಗೂ ನೆನಪಿದೆ. ಮುಂದಿನ ಶನಿವಾರದಿಂದ, ಉತ್ತರವನ್ನು ಹೇಳುವವರು ಅದು ಪ್ರತಿಯೊಂದು ಚೀಟಿಗೂ ಹೇಗೆ ಹೊಂದುತ್ತದೆ ಎಂದು ಬೇರೆಯವರ ಚೀಟಿಯ ಮಾತಿನಲ್ಲಿ ವಿವರಿಸಬೇಕು ಎಂಬ ನಿಯಮವನ್ನು ತಂದೆ. ಈ ಒಂದು ನಿಯಮದಿಂದ, ಮಾತನಾಡದವರನ್ನು ಮಾತನಾಡಿಸುವ ಹೊಣೆ ನನ್ನಿಂದ ಗುಂಪಿಗೆ ಹೋಯಿತು.

ಲೆಕ್ಕದ ತಪ್ಪನ್ನು ಗುಂಪು ಹೇಗೆ ನೋಡುತ್ತದೆ ಎಂಬುದು ಕಾಪ್ರೇಕರ್ ಸ್ಥಿರಾಂಕದ ದಿನ ಸ್ಪಷ್ಟವಾಯಿತು. ನಾಸಿಕ್ ಬಳಿಯ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಡಿ. ಆರ್. ಕಾಪ್ರೇಕರ್ ಕಂಡುಕೊಂಡ ಸಂಗತಿ ಇದು: ಎಲ್ಲವೂ ಒಂದೇ ಆಗಿರದ ನಾಲ್ಕು ಅಂಕಿಗಳನ್ನು ತೆಗೆದುಕೊಂಡು, ಅವುಗಳಿಂದಾಗುವ ಅತಿ ದೊಡ್ಡ ಸಂಖ್ಯೆಯಿಂದ ಅತಿ ಚಿಕ್ಕ ಸಂಖ್ಯೆಯನ್ನು ಕಳೆಯಬೇಕು, ಬಂದ ಉತ್ತರಕ್ಕೆ ಮತ್ತೆ ಹಾಗೆಯೇ ಮಾಡಬೇಕು; ಹೆಚ್ಚೆಂದರೆ ಏಳು ಹೆಜ್ಜೆಗಳಲ್ಲಿ 6174 ಬಂದೇ ಬರುತ್ತದೆ. 3524ರಿಂದ ಹೊರಟರೆ 3087, 8352, ಆಮೇಲೆ 6174. ನಾನು 6174ರ ವಿಷಯವನ್ನು ಹೇಳಿರಲಿಲ್ಲ, ಒಬ್ಬೊಬ್ಬರು ಒಂದೊಂದು ಸಂಖ್ಯೆಯಿಂದ ಹೊರಡಿ ಎಂದಷ್ಟೇ ಹೇಳಿದ್ದೆ. ಒಬ್ಬ ಹುಡುಗ 2111ನ್ನು ಆರಿಸಿಕೊಂಡಿದ್ದ. 2111ರಿಂದ 1112 ಕಳೆದರೆ 999. ಮುಂದಿನ ಹೆಜ್ಜೆಯಲ್ಲಿ 999ರಿಂದ 999 ಕಳೆದು ಸೊನ್ನೆ ಬಂತು. ಮೂವರಿಗೂ 6174 ಬಂದಿತ್ತು, ಇವನಿಗೆ ಮಾತ್ರ ಸೊನ್ನೆ. "ಕಳೆಯುವುದು ತಪ್ಪಿರಬೇಕು ಕಣೋ" ಎಂದು ಮೂವರೂ ಅವನ ಪುಸ್ತಕವನ್ನು ಎಳೆದುಕೊಂಡು ನೋಡಿದರು. ಕಳೆದದ್ದು ಸರಿಯಾಗಿಯೇ ಇತ್ತು. ಒಬ್ಬ ಹುಡುಗಿ ಬಹಳ ಹೊತ್ತು ನೋಡಿ, "ನಮ್ಮದೆಲ್ಲ ನಾಲ್ಕು ಅಂಕಿ, ಇವನದು ಮೂರೇ" ಎಂದಳು. 0999 ಎಂದು ಬರೆದುಕೊಂಡಾಗ 8991, 8082, 8532, 6174 ಎಂದು ಸಾಗಿತು. ಆ ಹುಡುಗ ತನ್ನ ಹಾಳೆಯಲ್ಲಿ "ನನ್ನದು ತಪ್ಪು ಅಂದರು, ಆದರೆ ಬಿಡಲಿಲ್ಲ, ಎಲ್ಲರೂ ನನ್ನ ಲೆಕ್ಕವನ್ನೇ ಮಾಡಿದರು" ಎಂದು ಬರೆದಿದ್ದ. ಗುಂಪಿನ ಕೆಲಸ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಕೊಡಲಾರೆ.

ಮಕ್ಕಳು ಅತಿ ಹೆಚ್ಚು ಬರೆದದ್ದು ಮಾತನಾಡಲು ಅವಕಾಶವೇ ಇಲ್ಲದ ಒಗಟಿನ ಬಗ್ಗೆ. ಒಂದೇ ಅಳತೆಯ ಐದು ಚೌಕಗಳನ್ನು ಮೂರು ಮೂರು ತುಂಡುಗಳಾಗಿ ಕತ್ತರಿಸಿ, ಹದಿನೈದು ತುಂಡುಗಳನ್ನು ಬೆರೆಸಿ ಐವರಿಗೆ ಮೂರು ಮೂರರಂತೆ ಹಂಚಬೇಕು. ಪ್ರತಿಯೊಬ್ಬರ ಮುಂದೆಯೂ ಒಂದು ಪೂರ್ಣ ಚೌಕವಾಗಬೇಕು. ಮಾತನಾಡುವಂತಿಲ್ಲ, ಸನ್ನೆ ಮಾಡುವಂತಿಲ್ಲ, ಇನ್ನೊಬ್ಬರ ತುಂಡನ್ನು ತೆಗೆದುಕೊಳ್ಳುವಂತಿಲ್ಲ; ತನ್ನ ತುಂಡನ್ನು ಕೊಡಬಹುದು, ಅಷ್ಟೆ. ಹಲವು ದೇಶಗಳ ತರಗತಿಗಳಲ್ಲಿ ಬಳಕೆಯಲ್ಲಿರುವ ಹಳೆಯ ಒಗಟು ಇದು. ಇದರ ಗುಟ್ಟೆಂದರೆ, ಬೇರೆಯವರಿಗೆ ಸೇರಬೇಕಾದ ತುಂಡುಗಳಿಂದಲೂ ಒಂದು ಚೌಕ ಚೆನ್ನಾಗಿಯೇ ಆಗಿಬಿಡಬಹುದು, ಆದರೆ ಆಗ ಉಳಿದವರಲ್ಲಿ ಯಾರಿಗೋ ಚೌಕ ಆಗುವುದೇ ಇಲ್ಲ. ಮೊದಲು ಮುಗಿಸಿದವರು ತಮ್ಮ ಚೌಕವನ್ನು ತಾವೇ ಒಡೆಯಬೇಕು.

ನಲವತ್ತನಾಲ್ಕರಲ್ಲಿ ಐವರ ಗುಂಪು ಎಂಟಾದ ಮೇಲೆ ನಾಲ್ವರು ಉಳಿದರು. ಅವರನ್ನು ಎರಡೆರಡು ಗುಂಪುಗಳ ಬಳಿ ನಿಂತು ನೋಡಿ ಬರೆಯಲು ಹೇಳಿದೆ. ನಾನು ಯೋಜಿಸದೆ ಆದ ಈ ಏರ್ಪಾಡು ಬಹಳ ಉಪಯೋಗಕ್ಕೆ ಬಂತು, ಈಗ ಪ್ರತಿ ಸಲವೂ ಬೇಕೆಂದೇ ನಾಲ್ವರನ್ನು ನೋಡುವವರನ್ನಾಗಿ ಇರಿಸುತ್ತೇನೆ. ಹಾಗೆ ನಿಂತಿದ್ದ ಹುಡುಗಿಯೊಬ್ಬಳು, "ಅವನು ಚೌಕ ಮುಗಿಸಿ ಕೈ ಕಟ್ಟಿಕೊಂಡು ಕೂತ. ಎಲ್ಲರೂ ಅವನ ಚೌಕವನ್ನೇ ನೋಡುತ್ತಿದ್ದರು. ಅವನು ಕಿಟಕಿ ನೋಡುತ್ತಿದ್ದ" ಎಂದು ಬರೆದಿದ್ದಳು. ಆ ಹುಡುಗ ಬರೆದದ್ದು ಇದು: "ನನ್ನದು ಆಗಿದೆ, ಅವರದು ಆಗದಿದ್ದರೆ ನಾನೇನು ಮಾಡಲಿ ಅಂದುಕೊಂಡೆ. ಮುರಿಯಲು ಮನಸ್ಸು ಬರಲಿಲ್ಲ. ಆಮೇಲೆ ಒಂದು ತುಂಡು ಕೊಟ್ಟೆ. ಮತ್ತೆ ನನ್ನದು ಆಗುತ್ತದೋ ಇಲ್ಲವೋ ಅಂತ ಹೆದರಿಕೆ ಆಯಿತು." ಹದಿಮೂರು ವರ್ಷದ ಮಗು ತನ್ನ ಮನಸ್ಸನ್ನು ಇಷ್ಟು ನೇರವಾಗಿ ನೋಡಿ ಬರೆದಾಗ ಓದುವವರು ತಲೆಬಾಗಬೇಕಾಗುತ್ತದೆ. ಈ ಹಾಳೆಯನ್ನು ತರಗತಿಯಲ್ಲಿ ಹೆಸರು ಹೇಳದೆಯೂ ಓದಲಿಲ್ಲ. ಯಾರದೆಂದು ಎಲ್ಲರಿಗೂ ತಿಳಿದುಬಿಡುತ್ತಿತ್ತು.

ಉತ್ತರವೇ ಇಲ್ಲದ ಒಗಟನ್ನೂ ವರ್ಷಕ್ಕೊಮ್ಮೆ ಕೊಡುತ್ತೇನೆ. ಚದುರಂಗದ ಹಾಸಿನಲ್ಲಿ ಕರ್ಣದ ಎರಡು ತುದಿಗಳಲ್ಲಿರುವ ಮೂಲೆಯ ಮನೆಗಳನ್ನು ಕತ್ತರಿಸಿ ತೆಗೆದರೆ 62 ಮನೆಗಳು ಉಳಿಯುತ್ತವೆ. ಎರಡು ಮನೆ ಮುಚ್ಚುವ 31 ರಟ್ಟಿನ ಪಟ್ಟಿಗಳಿಂದ ಅದನ್ನು ಪೂರ್ತಿ ಮುಚ್ಚಬೇಕು. ಒಂದು ಪಟ್ಟಿ ಒಂದು ಕಪ್ಪು, ಒಂದು ಬಿಳಿ ಮನೆಯನ್ನು ಮುಚ್ಚುತ್ತದೆ, ತೆಗೆದ ಎರಡು ಮೂಲೆಗಳೂ ಒಂದೇ ಬಣ್ಣದವಾದ್ದರಿಂದ ಒಂದು ಬಣ್ಣದ ಮನೆಗಳು 30, ಇನ್ನೊಂದರವು 32, ಹಾಗಾಗಿ ಸಾಧ್ಯವಿಲ್ಲ. ಪ್ರತಿ ವರ್ಷವೂ ಮಕ್ಕಳು ಹದಿನೈದು ನಿಮಿಷ ಪಟ್ಟಿಗಳನ್ನು ಸರಿಸುತ್ತಲೇ ಇರುತ್ತಾರೆ, ಪ್ರತಿ ಸಲವೂ ಒಂದೇ ಬಣ್ಣದ ಎರಡು ಮನೆಗಳು ಉಳಿಯುವುದನ್ನು ಕಂಡವರು ಕೂಡ. ಏಕೆಂದು ಹಾಳೆಗಳು ಹೇಳುತ್ತವೆ: "ಆಗುವುದಿಲ್ಲ ಅಂದರೆ ನಮಗೆ ಬರುವುದಿಲ್ಲ ಅಂದುಕೊಳ್ಳುತ್ತೀರಿ ಅಂತ ಹೇಳಲಿಲ್ಲ." ಈ ವಾಕ್ಯ ನನ್ನ ಪಾಠದ ರೀತಿಯನ್ನು ಕುರಿತದ್ದು. ಅಂದಿನಿಂದ ಯಾವ ಒಗಟನ್ನು ಕೊಟ್ಟರೂ "ಇದು ಆಗಲೂಬಹುದು, ಆಗದೆಯೂ ಇರಬಹುದು, ಆಗದಿದ್ದರೆ ಏಕೆಂದು ತೋರಿಸಿ" ಎಂದು ಹೇಳಿಯೇ ಆರಂಭಿಸುತ್ತೇನೆ.

ಗುಂಪು ಮಾಡುವುದರಲ್ಲಿ ಒಂದು ತಪ್ಪು ಮಾಡಿದ್ದೆ. ಚೀಟಿ ಎತ್ತಿಸಿ ಗುಂಪು ಮಾಡಿದಾಗ ಕೆಲವೊಮ್ಮೆ ಮೂವರು ಹುಡುಗರ ನಡುವೆ ಒಬ್ಬಳೇ ಹುಡುಗಿ ಬರುತ್ತಿದ್ದಳು. ಅಂಥ ಹುಡುಗಿಯರ ಹಾಳೆಗಳಲ್ಲಿ ಮೂರನೆಯ ಪ್ರಶ್ನೆಯ ಜಾಗ ತುಂಬಿರುತ್ತಿತ್ತು, ಎರಡನೆಯದು ಖಾಲಿ ಇರುತ್ತಿತ್ತು. ಈಗ ಗುಂಪಿನಲ್ಲಿ ಇಬ್ಬರಾದರೂ ಹುಡುಗಿಯರಿರುವಂತೆ, ಒಂದೇ ಊರಿನ ಮೂವರು ಸೇರದಂತೆ ನಾನೇ ಹಿಂದಿನ ವಾರದ ಹಾಳೆಗಳನ್ನು ಮುಂದಿಟ್ಟುಕೊಂಡು ಪಟ್ಟಿ ಮಾಡುತ್ತೇನೆ. ಶುಕ್ರವಾರ ರಾತ್ರಿ ಇದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಪಾಠಗಳು ಹಿಂದೆ ಬೀಳುತ್ತವೆ ಎಂಬ ಆತಂಕ ನನಗೂ ಇದೆ, ಹತ್ತನೆಯ ತರಗತಿಯಲ್ಲಿ ಇದಕ್ಕೆ ಸಮಯ ಹೊಂದಿಸಲು ನನ್ನಿಂದ ಆಗಿಲ್ಲ. ಆದರೆ ಎಂಟರಲ್ಲಿ ಈ ಅಭ್ಯಾಸವಾದ ಮಕ್ಕಳು ಒಂಬತ್ತರಲ್ಲಿ ರೇಖಾಗಣಿತದ ಸಾಧನೆ ಬರೆಯುವಾಗ "ಅರ್ಥ ಆಗಲಿಲ್ಲ ಮೇಡಂ" ಎನ್ನುವ ಬದಲು "ಈ ಎರಡು ತ್ರಿಭುಜ ಸರ್ವಸಮ ಅಂತ ಯಾಕೆ ಹೇಳಬಹುದು, ಅಲ್ಲಿ ಸಿಕ್ಕಿಕೊಂಡೆ" ಎನ್ನುತ್ತಾರೆ. ಸಿಕ್ಕಿಕೊಂಡ ಜಾಗವನ್ನು ಬೆರಳಿಟ್ಟು ತೋರಿಸುವ ವಿದ್ಯಾರ್ಥಿಗೆ ಕಲಿಸುವುದು ಎಷ್ಟು ಹಗುರವೆಂದು ಗಣಿತ ಕಲಿಸುವವರಿಗೆಲ್ಲ ಗೊತ್ತು.

ಈ ವರ್ಷ ಮಕ್ಕಳೇ ಸುಳಿವಿನ ಚೀಟಿಗಳನ್ನು ಮಾಡುತ್ತಿದ್ದಾರೆ. ನಾಲ್ಕೂ ಚೀಟಿಗಳು ಬೇಕೇ ಬೇಕು, ಒಂದು ಕಡಿಮೆಯಾದರೂ ಉತ್ತರ ಸಿಗಬಾರದು ಎಂಬುದೇ ಷರತ್ತು. ಕಳೆದ ವಾರ ಒಂದು ಗುಂಪಿನ ಒಗಟನ್ನು ಇನ್ನೊಂದು ಗುಂಪು ಮೂರೇ ಚೀಟಿಗಳಲ್ಲಿ ಬಿಡಿಸಿಬಿಟ್ಟಿತು. ಒಗಟು ಮಾಡಿದವರಲ್ಲಿ ಒಬ್ಬಳು ತನ್ನ ಹಾಳೆಯಲ್ಲಿ, "ನನ್ನ ಚೀಟಿ ಇಲ್ಲದೆಯೂ ಉತ್ತರ ಬಂತು. ನನಗೆ ಬೇಜಾರಾಯಿತು. ನನ್ನ ಚೀಟಿ ಬೇಕಾಗುವ ಹಾಗೆ ಮಾಡಬೇಕು" ಎಂದು ಬರೆದಿದ್ದಾಳೆ. ನಾಲ್ವರೂ ಆ ಚೀಟಿಗಳನ್ನು ಮನೆಗೆ ಒಯ್ದಿದ್ದಾರೆ. ಬರುವ ಶನಿವಾರ ತಿದ್ದಿ ತರುತ್ತಾರಂತೆ.